ಐದು ಸಾವಿರದ ಆಸುಪಾಸಿನಲ್ಲಿ ಕಿವಿ ಮುಚ್ಚುವ ವೈರ್‌ಲೆಸ್ ಹೆಡ್‌ಫೋನ್: ದಿನನಿತ್ಯದ ರೈಲಿಗೆ ಯಾವುದು ಸರಿ?

ಮೆಮು ಪ್ರಯಾಣಿಕ (ತುಮಕೂರು)

ತುಮಕೂರಿನಿಂದ ಯಶವಂತಪುರಕ್ಕೆ ನಿತ್ಯ ಮೆಮುವಿನಲ್ಲಿ (ಕಡಿಮೆ ದೂರದ ವಿದ್ಯುತ್ ರೈಲು) ಹೋಗಿ ಬರುವವನು ನಾನು. ಕಿವಿಯೊಳಗೆ ತುರುಕುವ ಇಯರ್‌ಬಡ್ ನನಗೆ ಒಗ್ಗುವುದಿಲ್ಲ. ತುರಿಕೆ ಬರುತ್ತದೆ, ಹಿರೇಹಳ್ಳಿ ದಾಟುವಷ್ಟರಲ್ಲಿ ಒಂದು ಜಾರಿ ಸೀಟಿನ ಕೆಳಗೆ ಹೋಗಿರುತ್ತದೆ. ಆದ್ದರಿಂದ ಕಿವಿಯನ್ನು ಪೂರ್ತಿ ಮುಚ್ಚುವ ವೈರ್‌ಲೆಸ್ ಹೆಡ್‌ಫೋನ್ ಬೇಕು. ಬಜೆಟ್ ಐದು ಸಾವಿರ. ಕಾರಣ ಗಟ್ಟಿಯಾಗಿದ್ದರೆ ಸ್ವಲ್ಪ ಮೇಲಕ್ಕೂ ಹೋದೇನು. ಕೇಳುವುದು ಸುದ್ದಿ, ಹಳೆಯ ಚಿತ್ರಗೀತೆ, ಪಾಡ್‌ಕಾಸ್ಟ್. ಆಗಾಗ ಕಚೇರಿಯ ಆನ್‌ಲೈನ್ ಸಭೆ ಇರುತ್ತದೆ. ಕನ್ನಡಕ ಹಾಕುತ್ತೇನೆ.

ಎಂ.ಜಿ. ರಸ್ತೆಯ ಅಂಗಡಿಯೊಂದರಲ್ಲಿ ವಿಚಾರಿಸಿದರೆ ಹುಡುಗ ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನೇ ನನಗೆ ಓದಿ ಹೇಳಿದ. ‘ಇಎನ್‌ಸಿ ಇದೆ ಸರ್, ಹೊರಗಿನ ಸದ್ದು ಒಂದೂ ಕೇಳಿಸುವುದಿಲ್ಲ’ ಎಂದ. ಹಾಕಿಕೊಂಡು ನಿಂತೆ. ಹೊರಗಿನ ಬಸ್ಸಿನ ಹಾರ್ನ್, ಪಕ್ಕದ ಗಿರಾಕಿಯ ಚೌಕಾಸಿ, ಎಲ್ಲವೂ ಅಚ್ಚುಕಟ್ಟಾಗಿ ಕೇಳಿಸಿದವು. ಬಳಸಿದವರು ದಯವಿಟ್ಟು ದಾರಿ ತೋರಿಸಿ.

ಹಾಸ್ಟೆಲ್ ಕೋಣೆ 14 (ಕ್ಯಾತ್ಸಂದ್ರ)

ಅಣ್ಣಾ, ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಸೋನಿ ಡಬ್ಲ್ಯುಎಚ್-ಸಿಎಚ್520. 2023ರಲ್ಲಿ ಬಂದಾಗ ಬೆಲೆ 4,490 ರೂಪಾಯಿ; ಹಬ್ಬದ ರಿಯಾಯಿತಿಯಲ್ಲಿ ಇನ್ನೂ ಇಳಿಯುತ್ತದೆ. ಕಂಪನಿಯ ಲೆಕ್ಕದಲ್ಲಿ ಬ್ಯಾಟರಿ 50 ಗಂಟೆ, ತೂಕ 147 ಗ್ರಾಂ. ಫೋನು, ಲ್ಯಾಪ್‌ಟಾಪ್ ಎರಡಕ್ಕೂ ಏಕಕಾಲಕ್ಕೆ ಜೋಡಿಸಬಹುದು. ನಮ್ಮ ಹಾಸ್ಟೆಲ್‌ನಲ್ಲಿ ಬಹಳ ಮಂದಿಯ ಬಳಿ ಇದೆ.

ಬೆಸುಗೆ (ಕೋಲಾರ)

ತಂಗಿ ಹೇಳಿದ್ದು ಒಳ್ಳೆಯ ಹೆಡ್‌ಫೋನ್, ಕೇಳಿದ ಪ್ರಶ್ನೆಗೆ ಮಾತ್ರ ಉತ್ತರವಲ್ಲ. ಅದು ಕಿವಿಯ ಮೇಲೆ ಕೂರುವ ಜಾತಿ. ಇವರು ಕೇಳುತ್ತಿರುವುದು ಕಿವಿಯನ್ನು ಸುತ್ತುವರಿಯುವ ಜಾತಿ. ಜಾಲತಾಣದ ಅಂಗಡಿಗಳಲ್ಲಿ ಎರಡನ್ನೂ ಒಂದೇ ಗುಂಪಿಗೆ ಹಾಕಿರುತ್ತಾರೆ, ಚಿತ್ರದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಕನ್ನಡಕದವರಿಗೆ ಮೊದಲನೆಯದು ಶಿಕ್ಷೆ. ಮೆತ್ತೆ ಕಿವಿಯನ್ನು ಕನ್ನಡಕದ ಕಡ್ಡಿಗೆ ಒತ್ತಿ ಹಿಡಿಯುತ್ತದೆ. ಅರ್ಧ ಗಂಟೆಗೆ ಕಿವಿ ಕೆಂಪಾಗುತ್ತದೆ. ಜೊತೆಗೆ ಸಿಎಚ್520ರಲ್ಲಿ 3.5 ಮಿ.ಮೀ. ಜ್ಯಾಕ್ ಇಲ್ಲ. ಚಾರ್ಜ್ ಮುಗಿದರೆ ತಂತಿ ಹಾಕಿ ಕೇಳುವ ದಾರಿಯೂ ಇಲ್ಲ.

ಇನ್ನು ಅಂಗಡಿಯ ಹುಡುಗನ ಇಎನ್‌ಸಿ. ನನ್ನ ರಿಪೇರಿ ಅಂಗಡಿಗೆ ‘ಸದ್ದು ತಡೆಯುವುದು ಕೆಟ್ಟಿದೆ’ ಎಂದು ಬರುವ ಹೆಡ್‌ಫೋನ್‌ಗಳಲ್ಲಿ ಹೆಚ್ಚಿನವು ಕೆಟ್ಟಿರುವುದೇ ಇಲ್ಲ. ಅವುಗಳಲ್ಲಿ ಇರುವುದು ಇಎನ್‌ಸಿ ಮಾತ್ರ. ಅದು ನಿಮ್ಮ ಮೈಕ್‌ಗೆ ಸಂಬಂಧಿಸಿದ್ದು: ನೀವು ಕರೆಯಲ್ಲಿ ಮಾತನಾಡುವಾಗ ನಿಮ್ಮ ಸುತ್ತಲಿನ ಗಲಾಟೆ ಆ ಕಡೆಯವರಿಗೆ ಕಡಿಮೆ ಕೇಳಿಸುತ್ತದೆ. ನಿಮ್ಮ ಕಿವಿಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ನಿಮ್ಮ ಕಿವಿಗೆ ಬೇಕಾದದ್ದು ಎಎನ್‌ಸಿ, ಅಂದರೆ ಕೇಳುವವರ ಕಿವಿಗೆ ಬೀಳುವ ಹೊರಗಿನ ಸದ್ದನ್ನು ತಗ್ಗಿಸುವ ವ್ಯವಸ್ಥೆ. ಪೆಟ್ಟಿಗೆಯ ಮೇಲೆ ಮೊದಲ ಅಕ್ಷರವನ್ನು ನೋಡಿಯೇ ಹಣ ಕೊಡಿ.

ಮೆಮು ಪ್ರಯಾಣಿಕ (ತುಮಕೂರು)

ಬೆಸುಗೆ ಅಣ್ಣಾ, ಇದು ನನಗೆ ಯಾರೂ ಹೇಳಿರಲಿಲ್ಲ. ಹಾಗಾದರೆ ಎಎನ್‌ಸಿ ಇದ್ದರೆ ಬೋಗಿಯ ಇಸ್ಪೀಟು ಗುಂಪಿನ ಕೂಗಾಟ ನಿಲ್ಲುತ್ತದೆಯೇ?

ರೀಲರ್ (ಶಿಡ್ಲಘಟ್ಟ)

ನಿಲ್ಲುವುದಿಲ್ಲ. ನಮ್ಮದು ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ. ಬೆಳಗಿನಿಂದ ಸಂಜೆಯವರೆಗೆ ಮೋಟರುಗಳ ಒಂದೇ ಸಮನೆಯ ಗುಂಯ್ ಸದ್ದು. ಲೆಕ್ಕ ಬರೆಯಲು ಕೂತಾಗ ಎಎನ್‌ಸಿ ಹೆಡ್‌ಫೋನ್ ಹಾಕಿಕೊಳ್ಳುತ್ತೇನೆ. ಗುಂಡಿ ಒತ್ತಿದ ಕ್ಷಣ ಆ ಗುಂಯ್ ಮಾಯವಾಗುತ್ತದೆ, ಆದರೆ ಬಾಗಿಲಲ್ಲಿ ನಿಂತು ಕರೆಯುವವರ ದನಿ ಕೇಳಿಸುತ್ತಲೇ ಇರುತ್ತದೆ. ನನಗೆ ಅದೇ ಅನುಕೂಲ.

ಕಾರಣ ಸರಳ. ಹೊರಗಿನ ಮೈಕ್ ಸದ್ದನ್ನು ಹಿಡಿಯುತ್ತದೆ, ಒಳಗಿನ ಚಿಪ್ ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಸ್ಪೀಕರ್ ಮೂಲಕ ಬಿಡುತ್ತದೆ, ಎರಡೂ ಸೇರಿ ಒಂದನ್ನೊಂದು ಕಳೆಯುತ್ತವೆ. ಫ್ಯಾನು, ಮೋಟರು, ಗಾಲಿಗಳ ಗಡಗಡದಂಥ ಮಂದ್ರದ, ಎಡೆಬಿಡದ ಸದ್ದಿಗೆ ಇದು ಚೆನ್ನಾಗಿ ಒದಗುತ್ತದೆ. ಮಾತು, ಹಾರ್ನ್, ಮಗುವಿನ ಅಳು ಕ್ಷಣಕ್ಷಣಕ್ಕೂ ಬದಲಾಗುತ್ತವೆ, ಅವುಗಳ ಸ್ಥಾಯಿಯೂ ಮೇಲಿನದು. ಅವನ್ನು ತಡೆಯುವ ಕೆಲಸ ಬಹುಮಟ್ಟಿಗೆ ಮೆತ್ತೆಯದು, ಚಿಪ್‌ನದಲ್ಲ. ಇಸ್ಪೀಟು ಗುಂಪು ನಿಮ್ಮ ಜೊತೆಯಲ್ಲೇ ಯಶವಂತಪುರದವರೆಗೆ ಬರುತ್ತದೆ.

ಒಂದು ಎಚ್ಚರಿಕೆ: ಯಂತ್ರದ ಪಕ್ಕದಲ್ಲೇ ನಿಂತು ದುಡಿಯುವವರು ಇದನ್ನು ಕಿವಿ ರಕ್ಷಣೆಯ ಸಾಧನವೆಂದು ಭಾವಿಸಬಾರದು. ಅದಕ್ಕೆಂದೇ ಮಾಡಿದ ಇಯರ್‌ಮಫ್ ಬೇರೆ ಸಿಗುತ್ತವೆ.

ತಂತಿಯೇ ಗತಿ (ಗುಬ್ಬಿ)

ಇಷ್ಟೆಲ್ಲ ಏಕೆ? ಐದು ಸಾವಿರಕ್ಕೆ ತಂತಿಯ ಹೆಡ್‌ಫೋನ್ ತೆಗೆದುಕೊಂಡರೆ ಸ್ಟುಡಿಯೋದಲ್ಲಿ ಬಳಸುವ ಮಟ್ಟದ ನಾದ ಸಿಗುತ್ತದೆ. ವೈರ್‌ಲೆಸ್‌ನಲ್ಲಿ ನೀವು ಕೊಡುವ ಹಣ ಬ್ಯಾಟರಿ, ಬ್ಲೂಟೂತ್ ಚಿಪ್, ಮೈಕ್, ಗುಂಡಿ ಎಂದು ಹಂಚಿಹೋಗುತ್ತದೆ. ಸ್ಪೀಕರಿಗೆ ಉಳಿಯುವುದು ಚಿಲ್ಲರೆ. ಮೂರ್ನಾಲ್ಕು ವರ್ಷಕ್ಕೆ ಬ್ಯಾಟರಿ ಸೊರಗುತ್ತದೆ. ತಂತಿಯದಕ್ಕೆ ಅಂಥ ಆಯುಷ್ಯದ ಗಡುವಿಲ್ಲ.

ಹಾಸ್ಟೆಲ್ ಕೋಣೆ 14 (ಕ್ಯಾತ್ಸಂದ್ರ)

ಫೋನಿನಲ್ಲಿ ಜ್ಯಾಕ್ ಎಲ್ಲಿದೆ ಅಣ್ಣಾ? ನಿಂತುಕೊಂಡು ಹೋಗುವ ರೈಲಿನಲ್ಲಿ ಪಕ್ಕದವರ ಚೀಲದ ಹಿಡಿಕೆ ತಂತಿಯನ್ನು ಎಳೆದುಕೊಂಡು ಇಳಿದುಹೋಗುವುದನ್ನು ನೀವು ನೋಡಿಲ್ಲ.

ಕೋಡೆಕ್ ಕುಮಾರ (ಚಿಂತಾಮಣಿ)

ತಂತಿಯವರ ವಾದ ಹಳೆಯದಾಯಿತು. ಎಲ್‌ಡಿಎಸಿ ಎಂಬ ಕೋಡೆಕ್ (ಬ್ಲೂಟೂತ್‌ನಲ್ಲಿ ಸದ್ದನ್ನು ಕುಗ್ಗಿಸಿ ಕಳುಹಿಸುವ ವಿಧಾನ) ಇರುವ ಹೆಡ್‌ಫೋನ್ ತೆಗೆದುಕೊಳ್ಳಿ. ಸೆಕೆಂಡಿಗೆ 990 ಕಿಲೋಬಿಟ್. ಸಾಮಾನ್ಯ ಕೋಡೆಕ್ ಆದ ಎಸ್‌ಬಿಸಿ 328ರ ಸುತ್ತ ನಿಲ್ಲುತ್ತದೆ. ಮೂರು ಪಟ್ಟು. ಇನ್ನೇನು ಬೇಕು?

ಶ್ರುತಿಪೆಟ್ಟಿಗೆ (ಚಿಕ್ಕಬಳ್ಳಾಪುರ)

ಕುಮಾರ, ಅಂಕಿಗೆ ಮರುಳಾಗಬೇಡಿ. ಎಲ್‌ಡಿಎಸಿಗೆ 330, 660, 990 ಎಂಬ ಮೂರು ಮೆಟ್ಟಿಲುಗಳಿವೆ. ಬ್ಲೂಟೂತ್ ಸಂಚರಿಸುವುದು 2.4 ಗಿಗಾಹರ್ಟ್ಸ್‌ನಲ್ಲಿ, ವೈಫೈ ಕೂಡ ಅದೇ ಬೀದಿಯಲ್ಲಿ ಓಡಾಡುತ್ತದೆ. ಬೋಗಿಯ ತುಂಬ ಫೋನುಗಳಿರುವಾಗ ಸಂಪರ್ಕ ತುಂಡಾಗದಿರಲೆಂದು ಫೋನು ತಾನಾಗಿಯೇ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತದೆ. ಐಫೋನ್ ಇರುವವರಿಗೆ ಎಲ್‌ಡಿಎಸಿ ಇಲ್ಲವೇ ಇಲ್ಲ. ಅವರ ಪಾಲಿಗೆ ಎಎಸಿ ಎಂಬ ಇನ್ನೊಂದು ಕೋಡೆಕ್. ಇದಿಷ್ಟೂ ಆದ ಮೇಲೆ ಸುದ್ದಿ, ಪಾಡ್‌ಕಾಸ್ಟ್ ಕೇಳುವವರಿಗೆ ಇದರಿಂದ ಏನು ಲಾಭವೆಂದು ನನಗೆ ತಿಳಿಯದು. ‘ಬ್ಲೂಟೂತ್ 5.3’ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿರುವುದೂ ಅಷ್ಟೇ, ಆ ಅಂಕಿಯಿಂದ ನಾದ ಸುಧಾರಿಸುವುದಿಲ್ಲ.

ನಾನು ನಿವೃತ್ತ ಸಂಗೀತ ಶಿಕ್ಷಕಿ. ಮೊಮ್ಮಗನ ಜೊತೆ ಅಂಗಡಿಗೆ ಹೋದಾಗ ಪೆಟ್ಟಿಗೆಯ ಮೇಲಿನದನ್ನು ಓದದೆ ಮೂರು ಸಂಗತಿಗಳನ್ನು ಪರೀಕ್ಷಿಸುತ್ತೇನೆ. ಕರ್ನಾಟಕ ಸಂಗೀತ ಕೇಳದವರಿಗೂ ಇವು ಉಪಯೋಗಕ್ಕೆ ಬರುತ್ತವೆ.

ಮೊದಲು ಮೃದಂಗದ ಎಡಭಾಗ, ಅಂದರೆ ತೊಪ್ಪಿ. ರವೆ ಮೆತ್ತಿದ ಆ ಚರ್ಮಕ್ಕೆ ಬಿದ್ದ ಏಟು ಗುಂಕಿಯಾಗಿ ಎದ್ದು ತಕ್ಷಣ ತಗ್ಗಬೇಕು. ಅಗ್ಗದ ಹೆಡ್‌ಫೋನ್‌ಗಳಲ್ಲಿ ಬೇಸ್ ಹೆಚ್ಚಿಸಿರುತ್ತಾರೆ, ಒಂದು ಏಟಿನ ಬಾಲ ಮುಂದಿನ ಏಟಿನ ಮೇಲೆ ಬೀಳುತ್ತದೆ, ತಾಳದ ಅಂಚು ಮಸುಕಾಗುತ್ತದೆ. ಎರಡನೆಯದು ತಂಬೂರಿ. ತಂತಿಯ ಕೆಳಗೆ ಸಿಕ್ಕಿಸುವ ಜೀವಾಳದ ನೂಲಿನಿಂದಲೇ ಅದಕ್ಕೆ ಆ ಝೇಂಕಾರ. ಅದೆಲ್ಲ ಮೇಲಿನ ಸ್ಥಾಯಿಯ ಉಪಸ್ವರಗಳು. ತಂಬೂರಿ ಬರಿಯ ಹಾರ್ಮೋನಿಯಂ ಶ್ರುತಿಯಂತೆ ಚಪ್ಪಟೆಯಾಗಿ ಕೇಳಿಸಿದರೆ ಆ ಹೆಡ್‌ಫೋನ್ ಮೇಲಿನ ಸ್ಥಾಯಿಯನ್ನು ನುಂಗಿಹಾಕಿದೆ ಎಂದರ್ಥ. ಮೂರನೆಯದು ಮಾತು. ವಾರ್ತೆ ಓದುವವರ ಶಕಾರ ಸಕಾರಗಳನ್ನು ಗಮನಿಸಿ. ಕಿವಿಗೆ ಸೂಜಿ ಚುಚ್ಚಿದಂತಾದರೆ ಅದನ್ನು ಹಾಕಿಕೊಂಡು ದಿನವೂ ಗಂಟೆಗಟ್ಟಲೆ ಪಯಣಿಸಲಾಗದು.

ಬೇಸ್ ತುಸು ಹೆಚ್ಚಾಗಿದ್ದರೆ ಈಕ್ವಲೈಜರ್‌ನಲ್ಲಿ ಇಳಿಸಬಹುದು. ಇಲ್ಲದ ವಿವರವನ್ನು ಯಾವ ಆ್ಯಪ್ ಕೂಡ ಹುಟ್ಟಿಸಲಾರದು. 40 ಮಿ.ಮೀ. ಡ್ರೈವರ್ (ಒಳಗಿನ ಸ್ಪೀಕರ್), 50 ಮಿ.ಮೀ. ಡ್ರೈವರ್ ಎಂಬ ಅಳತೆಯಿಂದಲೂ ಇದನ್ನು ಊಹಿಸಲಾಗುವುದಿಲ್ಲ.

ಕೋಡೆಕ್ ಕುಮಾರ (ಚಿಂತಾಮಣಿ)

ಮೇಡಂ, ತಂಬೂರಿಯ ವಿಷಯ ಒಪ್ಪಿದೆ. ಎಲ್‌ಡಿಎಸಿ ವಿಷಯ ಒಪ್ಪುವುದಿಲ್ಲ. ಮನೆಯಲ್ಲಿ ಒಬ್ಬನೇ ಕೂತು ಕೇಳುವಾಗ ವ್ಯತ್ಯಾಸವಿದೆ.

ಶ್ರುತಿಪೆಟ್ಟಿಗೆ (ಚಿಕ್ಕಬಳ್ಳಾಪುರ)

ಮನೆಯಲ್ಲಿ ಕೂತು ಕೇಳಿ, ಬೇಡವೆಂದವರಾರು. ಪ್ರಶ್ನೆ ಕೇಳಿದವರು ಮೆಮುವಿನಲ್ಲಿದ್ದಾರೆ.

ಬೆಸುಗೆ (ಕೋಲಾರ)

ಮೇಡಂ ನಾದದ ಬಗ್ಗೆ ಹೇಳಿದ ಮೇಲೆ ನಾನು ಅಲ್ಲಿ ಕೈ ಹಾಕುವುದಿಲ್ಲ. ಯಾವುದು ಮುರಿಯುತ್ತದೆ ಎಂಬುದನ್ನು ಹೇಳುತ್ತೇನೆ. ನನ್ನ ಮೇಜಿಗೆ ಬರುವ ಹೆಡ್‌ಫೋನ್‌ಗಳಲ್ಲಿ ಸ್ಪೀಕರ್ ಸುಟ್ಟಿರುವುದು ಅಪರೂಪ.

ಹೆಚ್ಚಾಗಿ ಹೋಗುವುದು ಮಡಚುವ ಕೀಲು. ಪ್ಲಾಸ್ಟಿಕ್‌ನೊಳಗೆ ಸಣ್ಣ ಸ್ಕ್ರೂ ಮಾತ್ರ ಹಿಡಿದಿರುತ್ತದೆ. ಒಂದೇ ಕೈಯಲ್ಲಿ ಎಳೆದು ತೆಗೆಯುವವರ ಹೆಡ್‌ಫೋನ್ ಅಲ್ಲೇ ಬಿರುಕು ಬಿಡುತ್ತದೆ. ಎರಡೂ ಕೈಯಿಂದ ಅಗಲಿಸಿ ತೆಗೆಯಿರಿ. ಅಂಗಡಿಯಲ್ಲಿ ಕೊಳ್ಳುವಾಗ ತಲೆಪಟ್ಟಿಯನ್ನು ಎಳೆದು ನೋಡಿ, ಒಳಗೆ ಲೋಹದ ಪಟ್ಟಿ ಇದ್ದರೆ ಒಳ್ಳೆಯದು. ಮುಂದಿನದು ಒಂದು ಕಿವಿ ಮೂಕವಾಗುವುದು. ಬ್ಯಾಟರಿ ಒಂದು ಕಿವಿಯ ಬಟ್ಟಲಿನಲ್ಲಿ, ಬೋರ್ಡು ಇನ್ನೊಂದರಲ್ಲಿ. ನಡುವಿನ ತೆಳು ತಂತಿ ತಲೆಪಟ್ಟಿಯೊಳಗೆ ಹಾದುಹೋಗುತ್ತದೆ. ದಿನಕ್ಕೆ ಹತ್ತು ಸಲ ಹಿಗ್ಗಿಸಿ ಕುಗ್ಗಿಸಿದರೆ ಅದು ತುಂಡಾಗುತ್ತದೆ. ನಿಮ್ಮ ತಲೆಗೆ ಸರಿಹೋದ ಅಳತೆಗೆ ಒಮ್ಮೆ ಇಟ್ಟು ಬಿಟ್ಟುಬಿಡಿ.

ಮೆತ್ತೆಯಂತೂ ಇಂದಲ್ಲ ನಾಳೆ ಸುಲಿದೇ ಹೋಗುತ್ತದೆ. ಅದು ಚರ್ಮವಲ್ಲ, ಬಟ್ಟೆಯ ಮೇಲಿನ ಪಾಲಿಯುರಿಥೇನ್ ಲೇಪ. ಬೆವರು, ತಲೆಗೆ ಹಚ್ಚಿದ ಎಣ್ಣೆ, ನಮ್ಮ ಬೇಸಿಗೆ, ಮೂರೂ ಸೇರಿದರೆ ಕಪ್ಪು ಚಕ್ಕೆಗಳು ಕೆನ್ನೆಗೆ ಅಂಟುತ್ತವೆ. ಹಾಗಾಗಿ ಮೆತ್ತೆ ಸುಲಭವಾಗಿ ಬಿಚ್ಚಿ ಬರುವ ಮಾದರಿಯನ್ನೇ ಆರಿಸಿ. ಹೊಸ ಜೋಡಿ ಜಾಲತಾಣದಲ್ಲೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಸಿಗುತ್ತದೆ. ಅಂಟು ಹಾಕಿ ಕೂರಿಸಿದ ಮೆತ್ತೆಯಿದ್ದರೆ ಬೇಡ.

ಬ್ಯಾಟರಿ 3.7 ವೋಲ್ಟಿನ ಲಿಥಿಯಂ ಪಾಲಿಮರ್. ಅದನ್ನು ಬದಲಿಸಬಹುದು, ತಂತಿಯವರು ಹೇಳುವಷ್ಟು ಅವಸಾನವಾಗುವುದಿಲ್ಲ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಪೂರ್ತಿ ಖಾಲಿ ಮಾಡಿ ಇಡಬೇಡಿ, ಅರ್ಧ ಚಾರ್ಜ್‌ನಲ್ಲಿ ಇಡಿ.

ರೀಲರ್ (ಶಿಡ್ಲಘಟ್ಟ)

ಕನ್ನಡಕದ ಮಾತು ನಡುವೆ ಬಿಟ್ಟುಹೋಯಿತು. ನಾನೂ ಕನ್ನಡಕದವನೇ. ಮೆತ್ತೆ ಮತ್ತು ಕೆನ್ನೆಯ ನಡುವೆ ಕಡ್ಡಿ ಬಂದರೆ ಅಲ್ಲೊಂದು ಸಂದು ಉಳಿಯುತ್ತದೆ. ಆ ಸಂದಿನಿಂದ ಬೇಸ್ ಹೊರಗೆ ಹೋಗುತ್ತದೆ, ಹೊರಗಿನ ಸದ್ದು ಒಳಗೆ ಬರುತ್ತದೆ. ಎಎನ್‌ಸಿ ಎಷ್ಟೇ ಚೆನ್ನಾಗಿದ್ದರೂ ಅರ್ಧಕ್ಕೆ ಇಳಿಯುತ್ತದೆ. ಮೆತ್ತೆ ದಪ್ಪವಾಗಿ, ಮೃದುವಾಗಿ ಇರಬೇಕು. ಕಡ್ಡಿ ತೆಳುವಾಗಿದ್ದರೆ ಇನ್ನೂ ಒಳ್ಳೆಯದು. ಕನ್ನಡಕ ಹಾಕಿಕೊಂಡೇ ಅಂಗಡಿಗೆ ಹೋಗಿ, ಕನ್ನಡಕ ಹಾಕಿಕೊಂಡೇ ಹತ್ತು ನಿಮಿಷ ಕೂತು ಕೇಳಿ. ‘ಬೇಗ ನೋಡಿ ಸರ್’ ಎನ್ನುವ ಅಂಗಡಿಯಾದರೆ ಎದ್ದು ಬನ್ನಿ.

ಕಿವಿ ವಿಭಾಗ (ತುಮಕೂರು)

ಆಡಿಯಾಲಜಿ (ಶ್ರವಣಶಾಸ್ತ್ರ) ಓದುತ್ತಿದ್ದೇನೆ. ಎಎನ್‌ಸಿ ಇದ್ದರೆ ಒಳ್ಳೆಯದೆಂದು ನಾನು ಹೇಳುವುದಕ್ಕೆ ಸೌಕರ್ಯಕ್ಕಿಂತ ಬೇರೆ ಕಾರಣವಿದೆ. ಬೋಗಿಯಲ್ಲಿ ಗಾಲಿಯ ಸದ್ದನ್ನು ಮೀರಿಸಲು ಎಲ್ಲರೂ ವಾಲ್ಯೂಮ್ ಏರಿಸುತ್ತಾರೆ, ಇಳಿದ ಮೇಲೂ ಅದು ಅಲ್ಲೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಯಸ್ಕರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ ಅಷ್ಟೇ ಹೊತ್ತು. 3 ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧವಾಗುತ್ತದೆ. 90 ಡೆಸಿಬೆಲ್‌ಗೆ ಹೋದರೆ ವಾರಕ್ಕೆ ಸುಮಾರು 4 ಗಂಟೆ ಮಾತ್ರ. ತುಮಕೂರು–ಬೆಂಗಳೂರು ಓಡಾಡುವವರಿಗೆ ಅದು ಎರಡು ದಿನಕ್ಕೂ ಸಾಲುವುದಿಲ್ಲ. ಹೆಚ್ಚಿನ ಫೋನುಗಳಲ್ಲಿ ವಾಲ್ಯೂಮ್ ಮಿತಿಯ ಸೆಟ್ಟಿಂಗ್ ಇರುತ್ತದೆ, ಹಾಕಿಡಿ.

ಸ್ಟೇಷನ್ನಿನಿಂದ ಮನೆಗೆ ಬೈಕಿನಲ್ಲಿ ಹೋಗುವವರು ಚೀಲದೊಳಗೆ ಇಟ್ಟು ಹೋಗಿ. ಹಳಿ ದಾಟುವಾಗಲೂ ತೆಗೆಯಿರಿ. ಹೇಳಬಾರದೆಂದುಕೊಂಡಿದ್ದೆ, ಆದರೂ ಹೇಳಿದೆ.

ಹಾಸ್ಟೆಲ್ ಕೋಣೆ 14 (ಕ್ಯಾತ್ಸಂದ್ರ)

ಆನ್‌ಲೈನ್ ಸಭೆಯ ವಿಷಯ ಯಾರೂ ಎತ್ತಲಿಲ್ಲ. ವಿಂಡೋಸ್ ಲ್ಯಾಪ್‌ಟಾಪ್‌ಗೆ ಜೋಡಿಸಿ ಸಭೆ ಶುರುವಾದ ಕೂಡಲೇ ಸದ್ದು ಒಮ್ಮೆಲೇ ಕೆಟ್ಟು, ಡಬ್ಬದೊಳಗಿನಿಂದ ಬಂದಂತಾದರೆ ಹೆಡ್‌ಫೋನ್ ಕೆಟ್ಟಿದೆ ಎಂದು ವಾಪಸ್ ಕಳುಹಿಸಬೇಡಿ. ಹಾಡು ಕೇಳುವಾಗ ಬ್ಲೂಟೂತ್ ಒಂದೇ ದಿಕ್ಕಿನಲ್ಲಿ, ಸ್ಟೀರಿಯೋದಲ್ಲಿ ಕಳುಹಿಸುತ್ತದೆ. ಮೈಕ್ ಬೇಕೆಂದ ತಕ್ಷಣ ಹ್ಯಾಂಡ್ಸ್‌ಫ್ರೀ ವಿಧಾನಕ್ಕೆ ಜಾರುತ್ತದೆ. ಅಲ್ಲಿ ಎರಡೂ ದಿಕ್ಕಿನ ಸದ್ದು, ಒಂದೇ ಚಾನೆಲ್, 8 ಅಥವಾ 16 ಕಿಲೋಹರ್ಟ್ಸ್ ಸ್ಯಾಂಪಲಿಂಗ್. ಎಲ್‌ಡಿಎಸಿ ಇದ್ದರೂ ಇದೇ ಗತಿ, ಕುಮಾರ ಅಣ್ಣಾ. ಉಪಾಯ: ಸಭೆಯ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಮೈಕ್‌ಗೆ ಲ್ಯಾಪ್‌ಟಾಪ್‌ನದ್ದನ್ನು, ಸ್ಪೀಕರ್‌ಗೆ ಹೆಡ್‌ಫೋನನ್ನು ಆರಿಸಿ. ಹೆಡ್‌ಫೋನಿನ ಮೈಕ್‌ಗಿಂತ ಲ್ಯಾಪ್‌ಟಾಪ್‌ನ ಮೈಕ್ ಎಷ್ಟೋ ಸಲ ವಾಸಿ.

ಆಟ ಆಡುವವರಿಗೆ ಇನ್ನೊಂದು ಮಾತು. ಬ್ಲೂಟೂತ್‌ನಲ್ಲಿ ಸದ್ದು 100ರಿಂದ 300 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ವಿಡಿಯೋ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡೆದು ಸರಿದೂಗಿಸುತ್ತವೆ, ಆಟಗಳು ಹಾಗೆ ಮಾಡಲಾರವು. ಗುಂಡು ತಗಲಿದ ಮೇಲೆ ಢಂ ಎನ್ನುತ್ತದೆ. ಅಲ್ಲಿ ಮಾತ್ರ ಗುಬ್ಬಿ ಅಣ್ಣನ ತಂತಿಗೆ ನನ್ನ ಮತ.

ತಂತಿಯೇ ಗತಿ (ಗುಬ್ಬಿ)

ಒಂದು ಮತವಾದರೂ ಬಿತ್ತು.

ಮೆಮು ಪ್ರಯಾಣಿಕ (ತುಮಕೂರು)

ಎಲ್ಲವನ್ನೂ ಬರೆದಿಟ್ಟುಕೊಂಡಿದ್ದೇನೆ. ಮಾದರಿಗಳ ಹೆಸರು ಹೇಳಿದರೆ ಈ ವಾರವೇ ಹೋಗಿ ನೋಡುತ್ತೇನೆ.

ರೀಲರ್ (ಶಿಡ್ಲಘಟ್ಟ)

ಕಿವಿ ಸುತ್ತುವ, ಎಎನ್‌ಸಿ ಇರುವ, ಜ್ಯಾಕ್ ಇರುವ ಮೂರನ್ನು ನೋಡಿ. ಆಂಕರ್‌ನ ಸೌಂಡ್‌ಕೋರ್ ಕ್ಯೂ20ಐ: ಎಎನ್‌ಸಿ ಹಾಕಿದರೆ 40 ಗಂಟೆ, ಇಲ್ಲದಿದ್ದರೆ 60. ಜೆಬಿಎಲ್ ಟ್ಯೂನ್ 770ಎನ್‌ಸಿ: 44 ಮತ್ತು 70 ಗಂಟೆ, ಮಡಚಿ ಚೀಲಕ್ಕೆ ಹಾಕಬಹುದು. ಸೋನಿ ಡಬ್ಲ್ಯುಎಚ್-ಸಿಎಚ್720ಎನ್: 35 ಮತ್ತು 50 ಗಂಟೆ, ತೂಕ 192 ಗ್ರಾಂ ಮಾತ್ರ, ಆದರೆ ಬಟ್ಟಲುಗಳು ತಿರುಗುತ್ತವೆಯೇ ಹೊರತು ಒಳಕ್ಕೆ ಮಡಚುವುದಿಲ್ಲ, ಬೆಲೆಯೂ ನಿಮ್ಮ ಬಜೆಟ್ಟನ್ನು ಮೀರುತ್ತದೆ. ಗಂಟೆಗಳೆಲ್ಲ ಕಂಪನಿಗಳ ಲೆಕ್ಕ. ನಿಮಗೆ 35 ಗಂಟೆಯೇ ಧಾರಾಳ, ಆದ್ದರಿಂದ 70 ಎಂಬ ಅಂಕಿಗೆ ಹೆಚ್ಚು ಹಣ ಕೊಡಬೇಡಿ. ಎರಡು ಸಾವಿರದೊಳಗಿನ ಎಎನ್‌ಸಿಯನ್ನು ನಾನು ನಂಬುವುದಿಲ್ಲ. ಆ ಹಣಕ್ಕೆ ಎಎನ್‌ಸಿ ಇಲ್ಲದ, ದಪ್ಪ ಮೆತ್ತೆಯ ಹೆಡ್‌ಫೋನ್ ಹೆಚ್ಚು ಪ್ರಾಮಾಣಿಕ.

ಬೆಸುಗೆ (ಕೋಲಾರ)

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು, ‘ಆರ್-’ ಎಂದು ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ತೋರಿಸುತ್ತದೆ. ಹೆಸರಾಂತ ಕಂಪನಿಯ ಹೆಡ್‌ಫೋನ್ ಎಂಟುನೂರಕ್ಕೆ ಸಿಗುತ್ತಿದೆ ಎಂದರೆ ಸಂಖ್ಯೆ ನೋಡುವ ಶ್ರಮವೂ ಬೇಡ. ಜಿಎಸ್‌ಟಿ ಬಿಲ್ಲು ಪಡೆಯಿರಿ. ವಾರಂಟಿ ಕೇಳಿದಾಗ ಕಂಪನಿಯವರು ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ನನ್ನ ಗಿರಾಕಿಯೊಬ್ಬರಿಗೆ ಕೀಲು ಮುರಿದದ್ದು ‘ಬಳಕೆದಾರರ ತಪ್ಪು’ ಎಂದು ಒಂದು ಕಂಪನಿ ವಾಪಸ್ ಕಳುಹಿಸಿತ್ತು. 1915ಕ್ಕೆ ಕರೆ ಮಾಡಿದ ಮೇಲೆ ಹೊಸದೇ ಬಂತು.

ಮೆಮು ಪ್ರಯಾಣಿಕ (ತುಮಕೂರು)

ಕೊಂಡೆ. ಮೂರರಲ್ಲಿ ಎರಡು ನಮ್ಮೂರಲ್ಲೇ ಹಾಕಿ ನೋಡಲು ಸಿಕ್ಕವು. ಹಗುರವಾದದ್ದೇ ಕಿವಿಗೆ ಹಿತವಾಗಿತ್ತು, ಕನ್ನಡಕಕ್ಕೂ ಒಗ್ಗಿತು. ಆದರೆ ಬೆಲೆ ಕೇಳಿ ಮನೆಯವರ ಮುಖ ನೆನಪಾಯಿತು. ಮಡಚುವ 770ಎನ್‌ಸಿಯನ್ನೇ ಆರಿಸಿದೆ. ಮೊದಲ ಒಂದೆರಡು ದಿನ ತಲೆಯನ್ನು ಬಿಗಿಯಾಗಿ ಹಿಡಿದಂತಿತ್ತು. ರಾತ್ರಿ ದಪ್ಪ ಪುಸ್ತಕಗಳ ಕಟ್ಟಿಗೆ ಹಾಕಿ ಇಟ್ಟೆ, ಈಗ ಸಡಿಲವಾಗಿದೆ. ಗಾಲಿಗಳ ಗಡಗಡ ಹೋಗಿದೆ, ವಾಲ್ಯೂಮ್ ಅರ್ಧಕ್ಕಿಂತ ಮೇಲೆ ಬೇಕಾಗುತ್ತಿಲ್ಲ. ಇಸ್ಪೀಟು ಗುಂಪು ರೀಲರ್ ಹೇಳಿದಂತೆ ಜೊತೆಯಲ್ಲೇ ಬರುತ್ತಿದೆ. ಯಾರ ಕೈಯಲ್ಲಿ ಯಾವ ಎಲೆ ಇದೆ ಎಂಬುದೂ ಗೊತ್ತಾಗುತ್ತದೆ. ಮೇಡಂ, ತೊಪ್ಪಿಯ ಪರೀಕ್ಷೆ ಮಾಡಿದೆ: ಬೇಸ್ ಸ್ವಲ್ಪ ಜಾಸ್ತಿ, ಈಕ್ವಲೈಜರ್‌ನಲ್ಲಿ ಇಳಿಸಿದ ಮೇಲೆ ಏಟುಗಳು ಬಿಡಿಬಿಡಿಯಾದವು.

ಒಂದೇ ಕಿರಿಕಿರಿ. ಸಂಜೆಯ ರೈಲಿನಲ್ಲಿ ಕಿವಿಯ ಸುತ್ತ ಬೆವರು ನಿಲ್ಲುತ್ತದೆ. ಬೆಸುಗೆ ಅಣ್ಣಾ, ಬಟ್ಟೆಯ ಮೆತ್ತೆ ಹಾಕಿಸಬಹುದೇ?

ಬೆಸುಗೆ (ಕೋಲಾರ)

ಹಾಕಿಸಬಹುದು, ಆದರೆ ಬಟ್ಟೆಯ ಮೂಲಕ ಗಾಳಿಯಾಡಿದಷ್ಟೂ ಸದ್ದು ತೂರುತ್ತದೆ, ಬೇಸ್ ಇಳಿಯುತ್ತದೆ, ಎಎನ್‌ಸಿಯ ಹಿಡಿತವೂ ಸಡಿಲವಾಗುತ್ತದೆ. ಮೆತ್ತೆಯ ಮೇಲೆ ತೊಡಿಸುವ ತೆಳು ಹತ್ತಿಯ ಗವಸು ಸಿಗುತ್ತದೆ, ಮೊದಲು ಅದನ್ನು ಹಾಕಿ ನೋಡಿ. ಒಗೆದು ಮತ್ತೆ ಬಳಸಬಹುದು. ಮನೆಗೆ ಹೋದ ಮೇಲೆ ಒಣಬಟ್ಟೆಯಿಂದ ಒರೆಸಿ, ಚೀಲದಿಂದ ಹೊರಗೆ ತೆಗೆದಿಡಿ. ಸ್ಯಾನಿಟೈಸರ್ ಹಚ್ಚಬೇಡಿ, ಲೇಪ ಬೇಗ ಸುಲಿಯುತ್ತದೆ. ಮುಂದೆ ಮೆತ್ತೆ ತರಿಸುವಾಗ ಬಟ್ಟಲಿನ ಉದ್ದಗಲವನ್ನು ಮಿಲಿಮೀಟರ್‌ನಲ್ಲಿ ಅಳೆದು ಕಳುಹಿಸಿ, ‘ನಡುವಿನ ಸೈಜು’ ಎಂದು ಮಾತ್ರ ಬರೆಯಬೇಡಿ.